ಮುಟ್ಟಿದರೆ ಮುನಿ ಮನಸ್ಸಿನವರು: ಅತಿ ಸೂಕ್ಷ್ಮ ಸ್ವಭಾವ ಎಂದರೇನು? ತಮ್ಮಂಥವರನ್ನು ಹುಡುಕಿಕೊಳ್ಳುವುದು ಹೇಗೆ?

ಗದ್ದೆಯ ಬದುವಿನಲ್ಲಿ, ತೋಟದ ದಾರಿಯಲ್ಲಿ ಬೆಳೆಯುವ ಆ ಪುಟ್ಟ ಮುಳ್ಳಿನ ಗಿಡ ಎಲ್ಲರಿಗೂ ಗೊತ್ತು. ಬೆರಳು ತಾಗಿದರೆ ಸಾಕು, ಎಲೆ ಮಡಚಿಕೊಳ್ಳುತ್ತದೆ. ಕನ್ನಡದಲ್ಲಿ ಅದು ಮುಟ್ಟಿದರೆ ಮುನಿ. ಕೆಲವು ಕಡೆ ನಾಚಿಕೆ ಮುಳ್ಳು. ಕಾಸರಗೋಡು, ವಯನಾಡಿನ ಮಲಯಾಳಿ ನೆರೆಯವರು ತೊಟ್ಟಾವಾಡಿ ಎನ್ನುತ್ತಾರೆ. ಹೊಸೂರು, ತಾಳವಾಡಿಯ ತಮಿಳಿನವರಿಗೆ ಅದು ತೊಟ್ಟಾಚಿಣುಂಗಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮರಾಠಿಯಲ್ಲಿ ಲಾಜಾಳು. ಮಡಕಶಿರಾ, ರಾಯದುರ್ಗದ ತೆಲುಗಿನಲ್ಲಿ ಅತ್ತಿಪತ್ತಿ.

ಈ ಹೆಸರುಗಳು ಗಿಡಕ್ಕಷ್ಟೇ ನಿಲ್ಲುವುದಿಲ್ಲ. ಸಣ್ಣ ಮಾತಿಗೆ ಕಣ್ಣು ತುಂಬಿಕೊಳ್ಳುವ ಹುಡುಗ, ಮದುವೆ ಮನೆಯ ಗದ್ದಲ ತಾಳದೆ ಹಿತ್ತಲಿಗೆ ಹೋಗಿ ಕೂರುವ ಹುಡುಗಿ, ಯಾರೋ ಬೈದದ್ದನ್ನು ಮೂರು ದಿನ ಮನಸ್ಸಿನಲ್ಲಿ ಹೊತ್ತು ತಿರುಗುವ ಗೃಹಿಣಿ, ಇವರಿಗೂ ಅಂಟಿಕೊಳ್ಳುತ್ತವೆ. ಚಿಕ್ಕಂದಿನಲ್ಲಿ ಈ ವರದಿಗಾರನಿಗೂ ತೊಟ್ಟಾವಾಡಿ ಎಂಬ ಹೆಸರಿತ್ತು. ಐವತ್ತು ದಾಟಿದ ಮೇಲೂ ಊರಿನ ಹಳೆಯ ಗೆಳೆಯರು ಅದನ್ನು ಮರೆತಿಲ್ಲ!

ಇಂಥವರು ಊರಿಗೊಬ್ಬರೋ ಇಬ್ಬರೋ ಅಲ್ಲ. ಇದು ಕಾಯಿಲೆಯೂ ಅಲ್ಲ, ನಾಟಕವೂ ಅಲ್ಲ. ಕಳೆದ ಮೂರು ದಶಕಗಳಿಂದ ಮನೋವಿಜ್ಞಾನಿಗಳು ಇದನ್ನು ಒಂದು ಸ್ವಭಾವವೆಂದು ಗುರುತಿಸಿ ಅಧ್ಯಯನ ನಡೆಸಿದ್ದಾರೆ. ಹಲವು ದೇಶಗಳಲ್ಲಿ ಇಂಥ ಮನಸ್ಸಿನವರು ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದಾರೆ. ಆ ಕತೆ ಇಲ್ಲಿದೆ.

ಹೆಸರು ಕೊಟ್ಟವರು ಯಾರು?

ಹುಟ್ಟಿನಿಂದಲೇ ಬರುವ ಸೂಕ್ಷ್ಮತೆಯ ಬಗ್ಗೆ ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 20ನೇ ಶತಮಾನದ ಆರಂಭದಲ್ಲೇ ಬರೆದಿದ್ದರು. ಆದರೆ ಅದಕ್ಕೆ ಈಗಿನ ಹೆಸರು ಮತ್ತು ಅಳತೆಗೋಲು ಕೊಟ್ಟವರು ಅಮೆರಿಕದ ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಎಲೇನ್ ಆರಾನ್. 1991ರ ಸುಮಾರಿಗೆ ಅವರು ಈ ಕೆಲಸ ಶುರು ಮಾಡಿದರು. ಕಾರಣ ಸರಳ: ಆರಾನ್ ಸ್ವತಃ ಅಂಥ ಮನಸ್ಸಿನವರು. ತಮ್ಮಂಥ 39 ಮಂದಿಯನ್ನು ಕೂರಿಸಿ ದೀರ್ಘವಾಗಿ ಮಾತನಾಡಿಸಿದರು. ಆ ಮಾತುಗಳಿಂದ ಪ್ರಶ್ನೆಗಳನ್ನು ಹೆಕ್ಕಿ, ಬೇರೆ ಬೇರೆ ಜನರ ಮೇಲೆ ಪರೀಕ್ಷಿಸಿ, 27 ಪ್ರಶ್ನೆಗಳ ಒಂದು ಪಟ್ಟಿ ಸಿದ್ಧಪಡಿಸಿದರು.

1996ರಲ್ಲಿ ಅವರ 'ದಿ ಹೈಲಿ ಸೆನ್ಸಿಟಿವ್ ಪರ್ಸನ್' ಪುಸ್ತಕ ಬಂತು. ಮರುವರ್ಷ, 1997ರಲ್ಲಿ, ಪತಿ ಆರ್ಥರ್ ಆರಾನ್ ಜೊತೆ ಬರೆದ ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಪ್ರಬಂಧದಲ್ಲಿ ಈ ಸ್ವಭಾವಕ್ಕೆ ಇಟ್ಟ ಹೆಸರು 'ಸೆನ್ಸರಿ ಪ್ರೊಸೆಸಿಂಗ್ ಸೆನ್ಸಿಟಿವಿಟಿ'. ಕಣ್ಣು, ಕಿವಿ, ಮೂಗು, ಚರ್ಮದಿಂದ ಬಂದದ್ದನ್ನು ಮನಸ್ಸು ಎಷ್ಟು ಆಳವಾಗಿ ಅರಗಿಸಿಕೊಳ್ಳುತ್ತದೆ ಎಂಬುದರ ಹೆಸರು ಅದು. ಕಿವಿ ಚುರುಕು, ಕಣ್ಣು ಚುರುಕು ಎಂದು ಅರ್ಥವಲ್ಲ. ಕೇಳಿದ್ದು, ಕಂಡದ್ದು ಒಳಗೆ ಹೋದ ಮೇಲೆ ಮನಸ್ಸು ಅದನ್ನು ಬೇಗ ಬಿಡುವುದಿಲ್ಲ, ಅಷ್ಟೇ. ಜನರ ಬಾಯಲ್ಲಿ ಮಾತ್ರ ಎಚ್‌ಎಸ್‌ಪಿ ಎಂಬ ಮೂರಕ್ಷರವೇ ಉಳಿಯಿತು.

ನಾಲ್ಕು ಗುರುತುಗಳು

ಆರಾನ್ ಹೇಳುವ ನಾಲ್ಕು ಗುರುತುಗಳನ್ನು ನಮ್ಮ ಊರಿನ ಉದಾಹರಣೆಯೊಂದಿಗೆ ಹೀಗೆ ಹೇಳಬಹುದು.

ಒಂದು, ಆಳವಾಗಿ ಯೋಚಿಸುವುದು. ಒಂದು ಸೀರೆ ಕೊಳ್ಳಲು, ಒಂದು ಉತ್ತರ ಕೊಡಲು ಇವರಿಗೆ ಹೊತ್ತು ಬೇಕು. ಹತ್ತು ಕಡೆಯಿಂದ ತೂಗಿ ನೋಡುತ್ತಾರೆ. ಒಮ್ಮೆ ತೀರ್ಮಾನಿಸಿದರೆ ಅದು ಸಾಮಾನ್ಯವಾಗಿ ಗಟ್ಟಿ.

ಎರಡು, ಬೇಗ ಸುಸ್ತಾಗುವುದು. ಜಾತ್ರೆಯ ಮೈಕು, ಬಸ್‌ಸ್ಟ್ಯಾಂಡಿನ ನೂಕುನುಗ್ಗಲು, ಒಂದೇ ಹೊತ್ತಿಗೆ ನಾಲ್ಕು ಜನ ಹೇಳುವ ನಾಲ್ಕು ಕೆಲಸ. ಎಲ್ಲರಿಗೂ ಇದು ಕಿರಿಕಿರಿಯೇ. ಇವರಿಗೆ ಅಲ್ಲಿಂದ ಎದ್ದು ಹೋಗಲೇಬೇಕು ಅನ್ನಿಸುತ್ತದೆ.

ಮೂರು, ಭಾವನೆ ಗಾಢವಾಗಿ ತಟ್ಟುವುದು. ಪಕ್ಕದ ಮನೆಯವರ ದುಃಖ ತಮ್ಮದೇ ಆಗಿಬಿಡುತ್ತದೆ. ಸಂತೋಷವೂ ಅಷ್ಟೇ. ಯಕ್ಷಗಾನದ ಒಂದು ಪದ, ಭಜನೆಯ ಒಂದು ಸಾಲು ಕೇಳಿ ಕಣ್ಣು ಒದ್ದೆಯಾಗುವವರು ಇವರೇ.

ನಾಲ್ಕು, ಸಣ್ಣ ಬದಲಾವಣೆಯೂ ಕಾಣಿಸುವುದು. ಅತ್ತೆಯ ದನಿಯಲ್ಲಿ ಇವತ್ತು ಏನೋ ಸರಿಯಿಲ್ಲ, ಹಸು ಮೇವು ಮುಟ್ಟುವ ರೀತಿ ಬದಲಾಗಿದೆ, ಸಾರಿಗೆ ನೀರು ಹೆಚ್ಚಾಗಿದೆ ಎಂದು ಮೊದಲು ಹೇಳುವವರು.

ಸೂಕ್ಷ್ಮ ಮನಸ್ಸಿನವರೆಲ್ಲ ಮೌನಿಗಳು, ನಾಚಿಕೆಯವರು ಎಂದು ತಿಳಿಯುವುದು ತಪ್ಪು. ಇವರಲ್ಲಿ ಸುಮಾರು ಶೇ. 30ರಷ್ಟು ಮಂದಿ ಜನರೊಂದಿಗೆ ಬೆರೆಯುವ ಮಾತುಗಾರರೇ ಎನ್ನುತ್ತಾರೆ ಆರಾನ್. ಗಂಡಸರಲ್ಲಿ ಇದು ಇಲ್ಲ ಎಂಬುದೂ ಸುಳ್ಳು. 'ಗಂಡಸಾಗಿ ಅಳ್ತೀಯಾ' ಎಂಬ ಮಾತಿಗೆ ಹೆದರಿ ಗಂಡಸರು ಮುಚ್ಚಿಡುತ್ತಾರೆ, ಅಷ್ಟೇ.

ಎಷ್ಟು ಜನ? ಯಾಕೆ ಹೀಗೆ?

ನೂರರಲ್ಲಿ 15ರಿಂದ 20 ಮಂದಿ ಎಂಬುದು ಆರಾನ್ ಅವರ ಮೊದಲ ಅಂದಾಜು. 2018ರಲ್ಲಿ ಫ್ರಾನ್ಸೆಸ್ಕಾ ಲಿಯೊನೆಟ್ಟಿ, ಮೈಕೆಲ್ ಪ್ಲೂಸ್ ಮತ್ತು ಸಂಗಡಿಗರು 906 ವಯಸ್ಕರ ಉತ್ತರಗಳನ್ನು ಪರಿಶೀಲಿಸಿದರು. ಶೇ. 31ರಷ್ಟು ಮಂದಿ ಹೆಚ್ಚು ಸೂಕ್ಷ್ಮ, ಶೇ. 40 ಮಧ್ಯಮ, ಶೇ. 29 ಕಡಿಮೆ ಸೂಕ್ಷ್ಮ ಎಂದು ಕಂಡುಬಂತು. ಮೂರು ಗುಂಪಿಗೂ ಹೂವಿನ ಹೆಸರು ಕೊಟ್ಟರು: ಆರ್ಕಿಡ್, ಟ್ಯುಲಿಪ್, ಡ್ಯಾಂಡಿಲಿಯನ್. ಡ್ಯಾಂಡಿಲಿಯನ್ ಎಲ್ಲಿ ಬಿದ್ದರೂ ಬೆಳೆಯುವ ಹುಲ್ಲು ಹೂವು. ಆರ್ಕಿಡ್‌ಗೆ ನೆರಳು, ನೀರು, ಗಾಳಿ ಎಲ್ಲ ಹದವಾಗಿರಬೇಕು. ಹದ ಸಿಕ್ಕರೆ ಮಾತ್ರ ಅದರ ಹೂವು ನೋಡಬೇಕು!

ಅಂದರೆ ಸೂಕ್ಷ್ಮತೆ ಇದೆ ಅಥವಾ ಇಲ್ಲ ಎನ್ನುವ ವಿಷಯವಲ್ಲ. ಎತ್ತರದ ಹಾಗೆ, ಎಲ್ಲರಲ್ಲೂ ಇದೆ, ಕೆಲವರಲ್ಲಿ ಹೆಚ್ಚು.

ಹುಟ್ಟಿನಿಂದ ಬರುತ್ತದೋ, ಬೆಳೆಸಿದ ರೀತಿಯಿಂದಲೋ? ಎರಡೂ ಹೌದು. ಬ್ರಿಟನ್ನಿನ ಅವಳಿ ಮಕ್ಕಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜನರ ನಡುವಿನ ಈ ವ್ಯತ್ಯಾಸದಲ್ಲಿ ಶೇ. 47ರಷ್ಟು ವಂಶವಾಹಿಗಳಿಂದ ಬರುತ್ತದೆ, ಉಳಿದದ್ದು ಬದುಕಿನ ಅನುಭವಗಳಿಂದ ಎಂದು ಹೇಳಿತು. ಮಿದುಳಿನ ಚಿತ್ರ ತೆಗೆದೂ ನೋಡಿದ್ದಾರೆ. 2014ರಲ್ಲಿ ಬಿಯಾಂಕಾ ಅಸೆವೆಡೊ ಮತ್ತು ಸಂಗಡಿಗರು 18 ಮಂದಿಗೆ ಅವರ ಬಾಳಸಂಗಾತಿಯ ಹಾಗೂ ಅಪರಿಚಿತರ ಮುಖದ ಚಿತ್ರ ತೋರಿಸಿದರು. ಸೂಕ್ಷ್ಮತೆ ಹೆಚ್ಚಿದ್ದವರಲ್ಲಿ ಗಮನಕ್ಕೆ, ಇನ್ನೊಬ್ಬರ ಭಾವನೆ ಅರಿಯುವುದಕ್ಕೆ ಸಂಬಂಧಿಸಿದ ಭಾಗಗಳು ಹೆಚ್ಚು ಚಟುವಟಿಕೆ ತೋರಿದವು. ಹದಿನೆಂಟು ಮಂದಿ ಚಿಕ್ಕ ಸಂಖ್ಯೆ, ಹಾಗಾಗಿ ಇದನ್ನೇ ಕೊನೆಯ ಮಾತು ಎನ್ನುವಂತಿಲ್ಲ.

ಪ್ರಕೃತಿ ಇಂಥವರನ್ನು ಯಾಕೆ ಉಳಿಸಿಕೊಂಡಿದೆ? 2008ರಲ್ಲಿ ಮ್ಯಾಕ್ಸ್ ವೋಲ್ಫ್ ಮತ್ತಿಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ಒಂದು ಉತ್ತರ ಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಟೊಮೆಟೊ ದರ ಕುಸಿಯುವ ಲಕ್ಷಣವನ್ನು ಊರಿನಲ್ಲಿ ಒಬ್ಬಿಬ್ಬರು ರೈತರು ಮೊದಲೇ ಗ್ರಹಿಸಿ ಬೇರೆ ಬೆಳೆ ಹಾಕಿದರೆ ಅವರಿಗೆ ಲಾಭ. ಎಲ್ಲರೂ ಗ್ರಹಿಸಿ ಎಲ್ಲರೂ ಅದೇ ಬೆಳೆ ಹಾಕಿದರೆ ಯಾರಿಗೂ ಲಾಭವಿಲ್ಲ. ಸೂಕ್ಷ್ಮವಾಗಿ ಗಮನಿಸುವ ಗುಣ ಕೆಲವರಲ್ಲಿ ಮಾತ್ರ ಇದ್ದಾಗಲೇ ಅದಕ್ಕೆ ಬೆಲೆ.

ಊರು ಬದಲಾದರೆ ಬೆಲೆಯೂ ಬದಲು

ಗಡಿನಾಡಿನವರಾದ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಒಂದೇ ಮಾತು ಗಡಿಯ ಈಚೆ ಸಲೀಸು, ಆಚೆ ತಪ್ಪು. ಗುಣದ ಕತೆಯೂ ಹಾಗೆಯೇ.

ಚೀನಾ ಮೂಲದ ಸಂಶೋಧಕ ಷಿನ್‌ಯಿನ್ ಚೆನ್ ಮತ್ತು ಸಂಗಡಿಗರು ಶಾಂಘೈ ಹಾಗೂ ಕೆನಡಾದ ಶಾಲಾಮಕ್ಕಳನ್ನು ಹೋಲಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಕೆನಡಾದಲ್ಲಿ ನಾಚಿಕೆ ಸ್ವಭಾವದ, ಸೂಕ್ಷ್ಮ ಮಕ್ಕಳನ್ನು ಗೆಳೆಯರು ದೂರವಿಡುತ್ತಿದ್ದರು. ಶಾಂಘೈಯಲ್ಲಿ ಅಂಥ ಮಕ್ಕಳನ್ನೇ ಗೆಳೆಯರು ಮೆಚ್ಚುತ್ತಿದ್ದರು! ಮಗು ಅದೇ, ಗುಣ ಅದೇ, ಶಾಲೆ ಮಾತ್ರ ಬೇರೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಚೆನ್ ಅವರ ತಂಡ ಚೀನಾದಲ್ಲೇ 1990, 1998 ಮತ್ತು 2002ರ ಮಕ್ಕಳನ್ನು ಹೋಲಿಸಿ 2005ರಲ್ಲಿ ಮತ್ತೊಂದು ವರದಿ ಪ್ರಕಟಿಸಿತು. 1990ರಲ್ಲಿ ಮೆಚ್ಚುಗೆ ಪಡೆಯುತ್ತಿದ್ದ ಅದೇ ನಾಚಿಕೆ 2002ರ ಹೊತ್ತಿಗೆ ಮಕ್ಕಳನ್ನು ಒಂಟಿಯಾಗಿಸುತ್ತಿತ್ತು. ನಡುವೆ ಆದದ್ದೇನು? ಮಾರುಕಟ್ಟೆ ಬಂತು, ಪೈಪೋಟಿ ಬಂತು, ಮುನ್ನುಗ್ಗುವವರ ಕಾಲ ಬಂತು.

ನಮ್ಮ ಊರುಗಳಲ್ಲೂ ಸಭ್ಯ ಹುಡುಗ ಎನ್ನಿಸಿಕೊಂಡವನು ಇಂದು ಇಂಟರ್‌ವ್ಯೂನಲ್ಲಿ ಮಂಕು ಎನ್ನಿಸಿಕೊಳ್ಳುತ್ತಾನೆ. ತಪ್ಪು ಹುಡುಗನದೇ ಎಂದು ತೀರ್ಮಾನಿಸುವ ಮುನ್ನ ಒಂದು ಸಲ ಯೋಚಿಸಬೇಕು.

ಇದು ಏನಲ್ಲ?

ಮೊದಲನೆಯದಾಗಿ, ಇದು ರೋಗವಲ್ಲ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಡಿಎಸ್‌ಎಂ-5ರಲ್ಲಾಗಲಿ, 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಾಗಲಿ ಇದರ ಹೆಸರಿಲ್ಲ. ಹಾಗಾಗಿ ಇದಕ್ಕೆ ಮಾತ್ರೆ ಇದೆ, ಔಷಧಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯದು, ಇದು ಆಟಿಸಂ ಅಲ್ಲ. ಶಬ್ದ, ಬೆಳಕು, ಬಟ್ಟೆಯ ಸ್ಪರ್ಶ ತಾಳಲಾಗದಿರುವುದು ಆಟಿಸಂ ಇರುವವರಲ್ಲೂ ಕಾಣುತ್ತದೆ. ಆದರೆ ಅಲ್ಲಿ ಇತರರೊಂದಿಗೆ ಮಾತು, ಒಡನಾಟದಲ್ಲಿ ಬಾಲ್ಯದಿಂದಲೇ ಬೇರೆ ತೊಡಕುಗಳೂ ಇರುತ್ತವೆ. ಮಗುವಿನ ಮಾತು, ಆಟ ನಿಧಾನವಾಗಿದ್ದರೆ 'ಸೂಕ್ಷ್ಮ ಸ್ವಭಾವ' ಎಂದು ಸುಮ್ಮನಿರಬಾರದು, ವೈದ್ಯರಿಗೆ ತೋರಿಸಬೇಕು.

ಮೂರನೆಯದು, ಇದು ಮಿಸೋಫೋನಿಯಾ ಅಲ್ಲ. ಅಗಿಯುವ ಸದ್ದು, ಮೂಗು ಸೀಟುವ ಸದ್ದಿನಂಥ ಕೆಲವೇ ಸದ್ದುಗಳಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬರುವ ಸ್ಥಿತಿಗೆ 2001ರಲ್ಲಿ ಆ ಹೆಸರು ಬಂತು.

ನಾಲ್ಕನೆಯದು, ಇದು ಆತಂಕ ಅಥವಾ ಖಿನ್ನತೆಯ ಇನ್ನೊಂದು ಹೆಸರೂ ಅಲ್ಲ. ಆದರೆ ನಂಟಿದೆ. ಬಾಲ್ಯ ಕಷ್ಟದ್ದಾಗಿದ್ದ ಸೂಕ್ಷ್ಮ ಮನಸ್ಸಿನವರಲ್ಲಿ ಆತಂಕ, ಸಂಕೋಚ ಹೆಚ್ಚು ಎಂದು ಆರಾನ್ ಅವರ 2005ರ ಅಧ್ಯಯನ ಹೇಳಿದೆ. ಬಾಲ್ಯ ಚೆನ್ನಾಗಿದ್ದವರು ಉಳಿದವರಷ್ಟೇ ನೆಮ್ಮದಿಯಾಗಿರಬಲ್ಲರು.

ವಿಜ್ಞಾನಿಗಳ ನಡುವೆ ಭಿನ್ನಾಭಿಪ್ರಾಯವೂ ಇದೆ. ಆ 27 ಪ್ರಶ್ನೆಗಳು ಒಂದೇ ಗುಣವನ್ನು ಅಳೆಯುವುದಿಲ್ಲ, ಬೇಗ ಗಾಬರಿಯಾಗುವುದು, ಕಲೆ ಸೌಂದರ್ಯ ಸವಿಯುವುದು, ಶಬ್ದ ಬೆಳಕು ಸಹಿಸದಿರುವುದು ಎಂಬ ಮೂರನ್ನು ಬೆರೆಸಿ ಅಳೆಯುತ್ತವೆ ಎಂದು 2006ರಲ್ಲೇ ಕೆನಡಾದ ಸಂಶೋಧಕರು ತೋರಿಸಿದ್ದರು.

ತಮ್ಮವರನ್ನು ಹುಡುಕಿಕೊಂಡವರು

'ನನ್ನೊಬ್ಬಳಿಗೇ ಹೀಗೆ' ಎಂಬ ಭಾವನೆಯೇ ಸೂಕ್ಷ್ಮ ಮನಸ್ಸಿನವರ ದೊಡ್ಡ ಭಾರ. ಅದನ್ನು ಇಳಿಸುವ ಸುಲಭ ದಾರಿ, ಅಂಥ ಇನ್ನೊಬ್ಬರನ್ನು ಕಾಣುವುದು.

2001ರಲ್ಲಿ ಜಾಕ್ಲಿನ್ ಸ್ಟ್ರಿಕ್‌ಲ್ಯಾಂಡ್ ಎಂಬ ಆಪ್ತ ಸಮಾಲೋಚಕಿ ಆರಾನ್ ಜೊತೆ ಸೇರಿ ಅಮೆರಿಕದಲ್ಲಿ ಸೂಕ್ಷ್ಮ ಮನಸ್ಸಿನವರ ಕೂಟಗಳನ್ನು ಆರಂಭಿಸಿದರು. ಊರ ಗದ್ದಲದಿಂದ ದೂರದ ಜಾಗದಲ್ಲಿ ಕೆಲವು ದಿನ ಒಟ್ಟಿಗಿರುವುದು, ಬೇಕಾದರೆ ಮಾತು, ಬೇಡವಾದರೆ ಮೌನ. ಮುಂದೆ ಅಮೆರಿಕದ ಹೊರಗೂ ಅವು ನಡೆದವು. ಲೇಖಕಿ ಸೂಸನ್ ಕೇನ್ ಕ್ಯಾಲಿಫೋರ್ನಿಯಾದಲ್ಲಿ ಅಂಥ ಒಂದು ಕೂಟಕ್ಕೆ ಹೋಗಿ ಬಂದು ತಮ್ಮ 2012ರ 'ಕ್ವಾಯೆಟ್' ಪುಸ್ತಕದಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಅಲ್ಲಿ ಕಂಡ ಒಂದು ವಿಶೇಷ: ಸಾಮಾನ್ಯವಾಗಿ ನಾವು ಮಳೆ, ಬಿಸಿಲು, ಊಟ ಎಂದು ಲೋಕಾಭಿರಾಮದಿಂದ ಆರಂಭಿಸಿ ಆಮೇಲೆ ಮನಸ್ಸಿನ ಮಾತಿಗೆ ಬರುತ್ತೇವೆ. ಇವರು ಮನಸ್ಸಿನ ಮಾತಿನಿಂದಲೇ ಆರಂಭಿಸುತ್ತಾರೆ. ಅದು ಹಗುರಾದ ಮೇಲೆ ಲೋಕಾಭಿರಾಮ.

ಅಂತರ್ಜಾಲ ಬಂದ ಮೇಲೆ ದೂರದ ಪ್ರಶ್ನೆಯೇ ಇಲ್ಲವಾಯಿತು. 2001ರಲ್ಲಿ ಶುರುವಾದ ಯಾಹೂ ಗ್ರೂಪ್ಸ್‌ನಂಥ ತಾಣಗಳು ಇಂಥ ಸಣ್ಣ ಗುಂಪುಗಳಿಗೆ ಮನೆಯಾದವು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿತು. ಈಗ ಫೇಸ್‌ಬುಕ್, ರೆಡ್ಡಿಟ್ ಗುಂಪುಗಳಲ್ಲಿ ಚರ್ಚೆ ನಡೆಯುತ್ತಿದೆ. 2015ರಲ್ಲಿ ಈ ವಿಷಯದ ಬಗ್ಗೆ 'ಸೆನ್ಸಿಟಿವ್' ಎಂಬ ಸಾಕ್ಷ್ಯಚಿತ್ರ ಬಂತು. ಗಾಯಕಿ ಅಲಾನಿಸ್ ಮೊರಿಸೆಟ್ ತಾನೂ ಅಂಥವಳೇ ಎಂದು ಅದರಲ್ಲಿ ಹೇಳಿಕೊಂಡರು.

ಜಪಾನಿನ ಕತೆ ಇನ್ನೂ ಕುತೂಹಲದ್ದು. 2018ರಲ್ಲಿ ಯುಕಿ ತಕೆದಾ ಎಂಬ ಲೇಖಕಿ ಈ ಸ್ವಭಾವದವರನ್ನು 'ಸೆನ್‌ಸೈ-ಸಾನ್' ಎಂದು ಕರೆದು ಪುಸ್ತಕ ಬರೆದರು. ಸೂಕ್ಷ್ಮ ಮನಸ್ಸಿನವರೇ, ಎಂದು ಗೌರವದಿಂದ ಕರೆದ ಹಾಗೆ. ಪುಸ್ತಕ ಭರ್ಜರಿ ಮಾರಾಟವಾಯಿತು. ತೊಟ್ಟಾವಾಡಿ ಎಂಬ ಹೀಗಳಿಕೆಗೂ ಈ ಗೌರವದ ಕರೆಗೂ ಎಷ್ಟು ಅಂತರ ನೋಡಿ! ಆದರೆ ಅಲೆ ಎದ್ದಾಗ ಕಸವೂ ಬರುತ್ತದೆ. ಜಪಾನಿನ ಸಂಶೋಧಕ ಶುಹೆಯಿ ಇಮುರಾ 2023ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದು, ಈ ಅಲೆಯಿಂದ ಆದ ಒಳಿತೆಷ್ಟು ಕೆಡುಕೆಷ್ಟು ಎಂದು ಪ್ರಶ್ನಿಸಬೇಕಾಯಿತು.

ಅಂತರ್ಜಾಲದಲ್ಲಿ ಹುಡುಕುವಾಗ

ಮೊಬೈಲ್ ಇರುವ ಯಾರೂ ಇಂಥ ಗುಂಪು ಸೇರಬಹುದು. ಸೇರುವ ಮುನ್ನ ಕೆಲವು ವಿಷಯ ತಿಳಿದಿರಲಿ.

* ಹುಡುಕುವ ಪದ ಪೂರ್ತಿ ಇರಲಿ. ಎಚ್‌ಎಸ್‌ಪಿ ಎಂಬ ಮೂರಕ್ಷರ ಮಾತ್ರ ಹಾಕಿದರೆ ಹೆರೆಡಿಟರಿ ಸ್ಪಾಸ್ಟಿಕ್ ಪ್ಯಾರಾಪ್ಲೀಜಿಯಾ ಎಂಬ, ಕಾಲು ಬಿಗಿಯಾಗುವ ವಂಶಪಾರಂಪರ್ಯ ನರರೋಗದವರ ಗುಂಪುಗಳೂ ಬರುತ್ತವೆ. 'ಹೈಲಿ ಸೆನ್ಸಿಟಿವ್ ಪರ್ಸನ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಪೂರ್ತಿ ಬರೆಯಿರಿ.

* ಮೊದಲು ಓದಿ, ಆಮೇಲೆ ಬರೆಯಿರಿ. ಎರಡು ವಾರ ಸುಮ್ಮನೆ ಗಮನಿಸಿ. ಹೊಸಬರಿಗೆ ಹೇಗೆ ಉತ್ತರಿಸುತ್ತಾರೆ? ಜಗಳವಾದರೆ ಬಿಡಿಸುವ ಹಿರಿಯರು ಇದ್ದಾರೆಯೇ? ನಿಯಮ ಬರೆದಿಟ್ಟಿದ್ದಾರೆಯೇ?

* ಓದಿದ ಮೇಲೆ ಮನಸ್ಸು ಹಗುರಾಯಿತೋ ಭಾರವಾಯಿತೋ ನೋಡಿಕೊಳ್ಳಿ. ಸೂಕ್ಷ್ಮ ಮನಸ್ಸಿನವರು ನೂರು ಜನರ ನೋವನ್ನು ದಿನವೂ ಓದಿದರೆ ಅದೂ ಒಂದು ಜಾತ್ರೆಯ ಗದ್ದಲವೇ. ದಿನಕ್ಕೆ ಇಷ್ಟೇ ಹೊತ್ತು ಎಂದು ಇಟ್ಟುಕೊಳ್ಳಿ. ನೋಟಿಫಿಕೇಶನ್ ಸದ್ದು ಬಂದ್ ಮಾಡಿ.

* 'ನಾವು ವಿಶೇಷರು, ಉಳಿದವರು ಕಲ್ಲು ಮನಸ್ಸಿನವರು' ಎಂಬ ಮಾತೇ ಹೆಚ್ಚಿರುವ ಗುಂಪು ಬೇಡ. ಬಾಳಸಂಗಾತಿಯನ್ನು, ಹೆತ್ತವರನ್ನು ಬಿಟ್ಟುಬಿಡಿ ಎಂದು ಮುಖ ನೋಡದವರು ಹೇಳಿದರೆ ಒಪ್ಪಬೇಡಿ. ಹಾಗೆಂದು ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಅದನ್ನು ಸೂಕ್ಷ್ಮ ಸ್ವಭಾವದ ಲೆಕ್ಕಕ್ಕೆ ಹಾಕಿ ಸಹಿಸಿಕೊಂಡೂ ಇರಬೇಡಿ.

* ದುಡ್ಡು ಕೇಳಿದರೆ ಎಚ್ಚರ. ಕೋರ್ಸು, ಶಕ್ತಿ ಚಿಕಿತ್ಸೆ, ಸರ್ಟಿಫಿಕೇಟ್ ಎಂದು ಮಾರುವವರು ಎಲ್ಲ ಕಡೆ ಇದ್ದಾರೆ. ಈ ಸ್ವಭಾವಕ್ಕೆ ಸರ್ಟಿಫಿಕೇಟ್ ಬೇಕಿಲ್ಲ.

* ಹೆಸರು, ಊರು, ಮನೆಯವರ ಫೋಟೋ ಬೇಡ. ನಮ್ಮ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಒಂದು ಸ್ಕ್ರೀನ್‌ಶಾಟ್ ಸಾಕು. ಊರಿನ ವಾಟ್ಸಾಪ್ ಗುಂಪಿನಲ್ಲಿ ಮನಸ್ಸಿನ ಮಾತು ಬರೆಯುವುದಕ್ಕಿಂತ ದೂರದ ಗುಂಪೇ ವಾಸಿ. ಗುಂಪು ಬಿಟ್ಟು ಖಾಸಗಿಯಾಗಿ ಮೆಸೇಜು ಕಳಿಸಿ ಒತ್ತಾಯಿಸುವವರಿಗೆ ಉತ್ತರಿಸಬೇಕಾಗಿಲ್ಲ. ಹೆಣ್ಣುಮಕ್ಕಳು ಇದನ್ನು ಮರೆಯಬಾರದು.

* ತಿಳಿವಳಿಕೆಗೆ ಸಂಶೋಧಕರ ತಾಣಗಳೇ ಉತ್ತಮ. ಆರಾನ್ ಅವರ ಜಾಲತಾಣದಲ್ಲಿ 27 ಪ್ರಶ್ನೆಗಳ ಪಟ್ಟಿ ಇದೆ. ಪ್ಲೂಸ್ ಮತ್ತು ಸಂಗಡಿಗರ 'ಸೆನ್ಸಿಟಿವಿಟಿ ರಿಸರ್ಚ್' ತಾಣದಲ್ಲೂ ಪರೀಕ್ಷೆ ಇದೆ. ಅಂಕ ಎಷ್ಟು ಬಂದರೂ ಅದು ವೈದ್ಯರ ಚೀಟಿಯಲ್ಲ.

ಯಾವ ಭಾಷೆಯಲ್ಲಿ ಹೇಳುವುದು?

ಇದು ಗಡಿನಾಡಿನವರ ಪ್ರಶ್ನೆ. ಈ ಗುಂಪುಗಳ ಹೆಚ್ಚಿನ ಮಾತುಕತೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ನಮ್ಮಲ್ಲಿ ಮನೆಯ ಮಾತು ಕನ್ನಡ, ಅಂಗಡಿಯ ಮಾತು ಮರಾಠಿಯೋ ತೆಲುಗೋ, ಅರ್ಜಿಯ ಮಾತು ಮಲಯಾಳವೋ ತಮಿಳೋ. ವ್ಯವಹಾರ ಯಾವ ಭಾಷೆಯಲ್ಲೂ ನಡೆದೀತು. ಒಳಗಿನ ನೋವು ಮಾತ್ರ ಅವ್ವ ಕಲಿಸಿದ ಮಾತಿನಲ್ಲೇ ಸಲೀಸಾಗಿ ಹೊರಬರುತ್ತದೆ.

ಇಂಗ್ಲಿಷ್ ಬಾರದು ಎಂದು ಹಿಂಜರಿಯಬೇಕಿಲ್ಲ. ಮೊಬೈಲ್‌ನ ಅನುವಾದ ಸೌಲಭ್ಯದಿಂದ ಓದಿ ಅರ್ಥ ಮಾಡಿಕೊಳ್ಳಬಹುದು. ಅದಕ್ಕಿಂತ ಒಳ್ಳೆಯ ದಾರಿ, ಕನ್ನಡದಲ್ಲೇ ಚಿಕ್ಕದಾಗಿ ಆರಂಭಿಸುವುದು. ನೂರು ಜನ ಬೇಡ, ಮೂವರು ಸಾಕು. ಗ್ರಂಥಾಲಯದಲ್ಲಿ ಪುಸ್ತಕ ಹಿಡಿದು ಮೂಲೆಯಲ್ಲಿ ಕೂರುವವರು, ಭಜನೆ ಮುಗಿದ ಮೇಲೆ ಗದ್ದಲಕ್ಕೆ ನಿಲ್ಲದೆ ಹೊರಡುವವರು, ಮದುವೆ ಮನೆಯ ಹಿತ್ತಲಿನಲ್ಲಿ ಸಿಗುವವರು. ಅವರನ್ನು ಒಂದು ಸಲ ಮಾತನಾಡಿಸಿ ನೋಡಿ. 'ನಿಮಗೂ ಈ ಮೈಕು ಆಗಿ ಬರೋದಿಲ್ವಾ?' ಎಂಬ ಒಂದು ಪ್ರಶ್ನೆ ಸಾಕು. ಈ ವರದಿಗಾರನಿಗೆ ಒಬ್ಬ ಆಪ್ತ ಗೆಳೆಯ ಸಿಕ್ಕಿದ್ದು ಹಾಗೆಯೇ.

ಮನೆಯವರು, ಮೇಷ್ಟ್ರು ಏನು ಮಾಡಬಹುದು?

ದೂರದ ಗೆಳೆಯರು ಎಷ್ಟಿದ್ದರೂ ದಿನ ಕಳೆಯುವುದು ಮನೆಯಲ್ಲಿ, ಶಾಲೆಯಲ್ಲಿ.

ಸೂಕ್ಷ್ಮ ಮಗುವನ್ನು ಹತ್ತು ಜನರ ಮುಂದೆ ಬೈಯಬೇಡಿ. ಮೆಲ್ಲಗೆ ಹೇಳಿದರೂ ಅದಕ್ಕೆ ತಟ್ಟುತ್ತದೆ. ಹೊಸ ಊರು, ಹೊಸ ಶಾಲೆ, ನೆಂಟರ ದಂಡು, ಇವುಗಳ ಬಗ್ಗೆ ಮುಂಚಿತವಾಗಿ ತಿಳಿಸಿ. ಸಂಜೆ ಬಂದ ಕೂಡಲೇ ಪ್ರಶ್ನೆಗಳ ಸುರಿಮಳೆ ಬೇಡ, ಅರ್ಧ ಗಂಟೆ ತನ್ನಷ್ಟಕ್ಕೆ ಬಿಡಿ. ಹಾಗೆಂದು ಎಲ್ಲದರಿಂದ ತಪ್ಪಿಸಿ ಮನೆಯಲ್ಲೇ ಕೂರಿಸಿಕೊಳ್ಳುವುದೂ ಸರಿಯಲ್ಲ. ಜಾತ್ರೆಗೆ ಕರೆದುಕೊಂಡು ಹೋಗಿ, ಬೇಗ ಹೊರಡಿ.

ಇಂಥ ಮಕ್ಕಳ ಮೇಲೆ ಕಾಳಜಿ ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಆಧಾರವೂ ಇದೆ. ಲಂಡನ್ನಿನ ಬಡ ಪ್ರದೇಶದ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವ ಪಾಠ ಹೇಳಿಕೊಟ್ಟು ಪ್ಲೂಸ್ ಮತ್ತು ಇಲೋನಾ ಬೋನಿವೆಲ್ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಖಿನ್ನತೆಯ ಲಕ್ಷಣ ಇಳಿದದ್ದು ಹೆಚ್ಚು ಸೂಕ್ಷ್ಮ ಹುಡುಗಿಯರಲ್ಲಿ. ಕಡಿಮೆ ಸೂಕ್ಷ್ಮತೆಯವರಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಬೈಗುಳ ಹೆಚ್ಚು ತಟ್ಟುವ ಮಗುವಿಗೆ ಒಳ್ಳೆಯ ಮಾತೂ ಹೆಚ್ಚು ತಟ್ಟುತ್ತದೆ!

ದೊಡ್ಡವರಿಗೂ ಒಂದು ಮಾತು. ಶಬ್ದದ ಬಗ್ಗೆ ದೂರುವುದು ಮುನಿಸಲ್ಲ, ಹಕ್ಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಹರಿದಿನಗಳಿಗೆ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು. ಗಡಿಯ ಯಾವ ಬದಿಯಲ್ಲಿದ್ದರೂ ಈ ಕೇಂದ್ರ ನಿಯಮ ಒಂದೇ.

ಯಾವಾಗ ವೈದ್ಯರ ಬಳಿ ಹೋಗಬೇಕು?

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಕೆಲಸಕ್ಕೆ ಶಾಲೆಗೆ ಹೋಗಲಾಗುತ್ತಿಲ್ಲ, ಸದಾ ಎದೆ ಹೊಡೆದುಕೊಳ್ಳುತ್ತದೆ, ಬದುಕುವುದೇ ಬೇಡ ಎನ್ನಿಸುತ್ತದೆ. ಇವು ಸ್ವಭಾವದ ಲಕ್ಷಣಗಳಲ್ಲ. ಇಲ್ಲಿ ಗೆಳೆಯರ ಗುಂಪು ಸಾಲದು, ವೈದ್ಯರೇ ಬೇಕು.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡ, ಮಲಯಾಳಂ, ತಮಿಳು, ತೆಲುಗು, ಮರಾಠಿ ಸೇರಿದಂತೆ ಹಲವು ಭಾಷೆಗಳಲ್ಲಿ ಸೇವೆಯಿದೆ, ಕರೆ ಮಾಡಿದಾಗ ಭಾಷೆ ಆರಿಸಿಕೊಳ್ಳಬಹುದು. ಯಾವ ರಾಜ್ಯದಲ್ಲಿದ್ದರೂ ಸಂಖ್ಯೆ ಇದೇ.

ಕೊನೆಗೆ ಆ ಗಿಡದ ವಿಷಯ. ಮುಟ್ಟಿದರೆ ಮುನಿಯ ಎಲೆ ಮಡಚಿದ್ದನ್ನು ಕೈಯಿಂದ ಬಿಡಿಸಲು ಹೋದರೆ ಬಿಡಿಸಲಾಗದು. ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಟ್ಟರೆ ತಾನಾಗಿ ಅರಳುತ್ತದೆ. ಚಿಕ್ಕಂದಿನಲ್ಲಿ ನಾವೆಲ್ಲ ನೋಡಿದ್ದೇವೆ. ನಿಮ್ಮ ಮನೆಯಲ್ಲೂ ಅಂಥ ಒಬ್ಬರಿದ್ದರೆ ಇವತ್ತು ಅವರನ್ನು ಆ ಹೆಸರಿನಿಂದ ಕರೆಯಬೇಡಿ. ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಏನಂತೀರಿ?